ಸರ್ವರ್ ಡೌನ್ ಅಂದರೆ ಯಾವುದು ಡೌನ್?

ಮಾನ್ಯ ಸಂಪಾದಕರೇ,

ಫಲಿತಾಂಶದ ದಿನ, ಅರ್ಜಿ ಸಲ್ಲಿಕೆಯ ಕೊನೆಯ ದಿನ ಪತ್ರಿಕೆಗಳಲ್ಲಿ ತಪ್ಪದೆ ಕಾಣುವ ಮಾತು ‘ಸರ್ವರ್ ಡೌನ್’. ಪುಟ ತೆರೆಯದಿದ್ದರೂ ಸರ್ವರ್ ಡೌನ್, ಪಾಸ್‌ವರ್ಡ್ ತಪ್ಪಾದರೂ ಸರ್ವರ್ ಡೌನ್, ಮನೆಯ ವೈಫೈ ಕೈಕೊಟ್ಟರೂ ಸರ್ವರ್ ಡೌನ್. ಜ್ವರಕ್ಕೂ ಮಂಡಿನೋವಿಗೂ ‘ಮೈಗೆ ಹುಷಾರಿಲ್ಲ’ ಅಂದ ಹಾಗೆ. ಹೇಳುವವರಿಗೆ ಸುಲಭ, ಮದ್ದು ಹುಡುಕುವವರಿಗೆ ಕಷ್ಟ.

ಸುದ್ದಿಯಲ್ಲಿ ಪದ ಆಚೀಚೆಯಾದರೆ ದೊಡ್ಡ ನಷ್ಟವೇನಿಲ್ಲ ಅನ್ನಿಸಬಹುದು. ಆದರೆ ಮೊದಲ ಸಲ ಒಂದು ಸಂಘಕ್ಕೋ ಶಾಲೆಗೋ ವ್ಯಾಪಾರಕ್ಕೋ ಜಾಲತಾಣ ಮಾಡಿಸಲು ಹೊರಟವರು ಇದೇ ಪದಗಳನ್ನು ನಂಬಿ ಹಣ ಕೊಡುತ್ತಾರೆ, ಕರಾರಿಗೆ ಸಹಿ ಹಾಕುತ್ತಾರೆ. ಜಾಲತಾಣ ಕಟ್ಟುವ, ಕೆಟ್ಟಾಗ ಸರಿಪಡಿಸುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಕತ್ತರಿಸುವುದಾದರೆ ದಯವಿಟ್ಟು ಡೊಮೇನ್ (ತಾಣದ ಹೆಸರು) ಮತ್ತು ಡಿಎನ್‌ಎಸ್‌ನ (ಆ ಹೆಸರನ್ನು ಯಂತ್ರಕ್ಕೆ ಜೋಡಿಸುವ ಏರ್ಪಾಡು) ಭಾಗವನ್ನು ಉಳಿಸಿಕೊಳ್ಳಿ.

ಮೊದಲು ಈ ‘ಡೌನ್’ ವಿಷಯ. ಪುಟ ತೆರೆಯದಿದ್ದಾಗ ಪರದೆಯ ಮೇಲೆ ಮೂರಂಕಿಯ ಸಂಖ್ಯೆ ಇದೆಯೇ ಇಲ್ಲವೇ ಎಂದು ನೋಡಬೇಕು. 404, 403, 500, 503 ಹೀಗೆ ಏನಾದರೂ ಕಂಡರೆ ಆ ಕಡೆಯಿಂದ ಉತ್ತರ ಬಂದಿದೆ ಎಂದೇ ಅರ್ಥ. ಸತ್ತ ಯಂತ್ರ ಸಂಖ್ಯೆ ಕಳಿಸುವುದಿಲ್ಲ. 404 ಎಂದರೆ ‘ನೀವು ಕೇಳಿದ ಪುಟ ನನ್ನಲ್ಲಿಲ್ಲ’. ಕೊಂಡಿಯಲ್ಲಿ ಒಂದು ಅಕ್ಷರ ತಪ್ಪಿರಬಹುದು, ಪುಟದ ಹೆಸರು ಬದಲಾಗಿರಬಹುದು. 403 ಎಂದರೆ ‘ಇದೆ, ಆದರೆ ನಿಮಗೆ ತೋರಿಸುವಂತಿಲ್ಲ’. ಹೊಸಬರ ತಾಣಗಳಲ್ಲಿ ಇದು ಹೆಚ್ಚಾಗಿ ಕಡತಗಳ ಅನುಮತಿ (ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳುವ ಸಂಖ್ಯೆ) ತಪ್ಪಾಗಿರುವುದರಿಂದ ಬರುತ್ತದೆ. ಸಾಮಾನ್ಯವಾಗಿ ಕಡತಕ್ಕೆ 644, ಫೋಲ್ಡರ್‌ಗೆ 755 ಇರಬೇಕು. ‘ಕೆಲಸ ಆಗಲಿ’ ಅಂತ ಎಲ್ಲಕ್ಕೂ 777 ಕೊಟ್ಟವರು ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. 4ರಿಂದ ಶುರುವಾಗುವ ಸಂಖ್ಯೆ ಬಂದರೆ ಕೇಳಿದ ರೀತಿಯಲ್ಲಿ ಏನೋ ಸರಿಯಿಲ್ಲ, 5ರಿಂದ ಶುರುವಾದರೆ ಕೊಡುವ ಕಡೆ ಎಡವಟ್ಟಾಗಿದೆ. 500 ಬಂದಾಗ ಪ್ರೋಗ್ರಾಂ ಮುಗ್ಗರಿಸಿದೆ. ಈಗಷ್ಟೇ ಹಾಕಿದ ಪ್ಲಗಿನ್ (ತಾಣಕ್ಕೆ ಸೇರಿಸುವ ಹೆಚ್ಚುವರಿ ತುಣುಕು), ಬದಲಾಯಿಸಿದ ಪಿಎಚ್‌ಪಿ (ತಾಣದ ಪ್ರೋಗ್ರಾಂ ಬರೆಯುವ ಭಾಷೆ) ಆವೃತ್ತಿ, ಸೆಟ್ಟಿಂಗ್ ಕಡತದಲ್ಲಿ ಹೆಚ್ಚಾಗಿ ಬಿದ್ದ ಒಂದು ಚಿಹ್ನೆ, ಸಾಮಾನ್ಯವಾಗಿ ಇವುಗಳಲ್ಲಿ ಒಂದು ಕಾರಣ ಆಗಿರುತ್ತದೆ. 503 ಎಂದರೆ ‘ಸದ್ಯ ಆಗುತ್ತಿಲ್ಲ, ಆಮೇಲೆ ಬನ್ನಿ’. 502, 504 ಬಂದರೆ ಮುಂದೆ ನಿಂತ ಯಂತ್ರ ಚೆನ್ನಾಗಿದೆ, ಅದು ಹಿಂದಿರುವ ಯಂತ್ರವನ್ನು ಕೇಳಿ ಸರಿಯಾದ ಉತ್ತರ ಸಿಗದೆ ಕೈಚೆಲ್ಲಿದೆ. ಫಲಿತಾಂಶದ ದಿನ ನೂಕುನುಗ್ಗಲಿನಲ್ಲಿ ಬರುವುದು ಸಾಮಾನ್ಯವಾಗಿ ಈ ಮೂರರಲ್ಲೊಂದು.

ಸಂಖ್ಯೆಯೇ ಇಲ್ಲದಿದ್ದರೆ ಮಾತಾಡುತ್ತಿರುವುದು ಆ ತಾಣವಲ್ಲ, ನಿಮ್ಮ ಬ್ರೌಸರ್. ಅದು ಏನನ್ನುತ್ತಿದೆ ಎಂದು ಓದಿ. ಕ್ರೋಮ್‌ನಲ್ಲಿ ‘ಎನ್‌ಎಕ್ಸ್‌ಡೊಮೇನ್’ ಎಂಬ ತುಣುಕು ಕಂಡರೆ ಹೆಸರೇ ಸಿಕ್ಕಿಲ್ಲ: ಡೊಮೇನ್ ಅವಧಿ ಮುಗಿದಿದೆ, ಡಿಎನ್‌ಎಸ್ ಕೆಟ್ಟಿದೆ, ಅಥವಾ ನೀವೇ ತಪ್ಪು ಬರೆದಿದ್ದೀರಿ. ‘ಟೈಮ್ಡ್ ಔಟ್’ ಎಂದರೆ ಹೆಸರು ಸಿಕ್ಕಿತು, ಯಂತ್ರ ಓಗೊಡಲಿಲ್ಲ. ‘ಸರ್ವರ್ ಡೌನ್’ ಅನ್ನಲು ಅಷ್ಟಿಷ್ಟು ಹಕ್ಕಿರುವುದು ಇಲ್ಲಿ ಮಾತ್ರ. ಆಗಲೂ ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡಿ. ಅಲ್ಲಿ ತೆರೆದರೆ ತೊಂದರೆ ಇರುವುದು ನಿಮ್ಮ ಸಂಪರ್ಕದಲ್ಲಿ.

ಅಂದ ಹಾಗೆ ಸರ್ವರ್ ಎಂದರೆ ತಣ್ಣನೆಯ ಕೋಣೆಯಲ್ಲಿರುವ ದೈತ್ಯ ಪೆಟ್ಟಿಗೆಯೇ ಆಗಬೇಕಿಲ್ಲ. ಕೇಳಿದಾಗ ಉತ್ತರ ಕೊಡಲು ಕಾದು ಕೂತಿರುವ ಪ್ರೋಗ್ರಾಂ ಅದು. ಒಂದೇ ಯಂತ್ರದಲ್ಲಿ ಪುಟ ಕೊಡುವುದೊಂದು, ಇಮೇಲ್ ನೋಡಿಕೊಳ್ಳುವುದೊಂದು, ಡೇಟಾಬೇಸ್‌ನದ್ದೊಂದು ಹೀಗೆ ಮೂರು ಸರ್ವರ್ ಇರಬಹುದು. ಆದ್ದರಿಂದ ‘ಯಾವ ಸರ್ವರ್?’ ಎಂದು ಕೇಳುವುದು ಉದ್ಧಟತನವಲ್ಲ.

ಇಂಟರ್ನೆಟ್ ಮತ್ತು ವೆಬ್ ಎರಡನ್ನೂ ಒಂದೇ ಎನ್ನುವ ರೂಢಿಯೂ ಇದೆ. ಇಂಟರ್ನೆಟ್ ಎಂದರೆ ಕಂಪ್ಯೂಟರ್ ಜಾಲಗಳು ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆ. ಅದು ಇಂದು ಮಾತಾಡುವ ಟಿಸಿಪಿ ಐಪಿ ಎಂಬ ನಿಯಮಾವಳಿಗೆ ಅದರ ಪೂರ್ವಜವಾದ ಅರ್ಪಾನೆಟ್ ಜಾಲ ಬದಲಾದದ್ದು 1983ರ ಜನವರಿ 1ರಂದು. ವೆಬ್ ಅದರ ಮೇಲೆ ಓಡುವ ಒಂದು ಸೇವೆ ಮಾತ್ರ. ಟಿಮ್ ಬರ್ನರ್ಸ್ ಲೀ ಸರ್ನ್ ಪ್ರಯೋಗಾಲಯದಲ್ಲಿ ಅದರ ಪ್ರಸ್ತಾವ ಇಟ್ಟದ್ದು 1989ರ ಮಾರ್ಚ್‌ನಲ್ಲಿ. ಇಮೇಲ್ 1971ರಿಂದಲೇ ಇತ್ತು, ವೆಬ್‌ಗಿಂತ ಸುಮಾರು ಎರಡು ದಶಕ ಹಿರಿದು. ವೆಬ್‌ಸೈಟ್ ಬಿದ್ದರೂ ಇಮೇಲ್ ಬರುತ್ತಿರುವುದು, ವೆಬ್‌ಸೈಟ್ ಚೆನ್ನಾಗಿದ್ದೂ ಇಮೇಲ್ ನಿಂತುಹೋಗುವುದು ಇದರಿಂದಲೇ ಸಾಧ್ಯ. ಬ್ರೌಸರ್ ಮತ್ತು ಸರ್ಚ್ ಎಂಜಿನ್ ಕೂಡ ಹೀಗೇ ಕಲಸಿಹೋಗಿವೆ. ಕ್ರೋಮ್, ಫೈರ್‌ಫಾಕ್ಸ್ ಪುಟ ತೋರಿಸುವ ತಂತ್ರಾಂಶಗಳು. ಗೂಗಲ್ ಸರ್ಚ್, ಬಿಂಗ್ ಹುಡುಕಿಕೊಡುವ ತಾಣಗಳು. ‘ನಮ್ಮ ವೆಬ್‌ಸೈಟ್ ಗೂಗಲ್‌ನಲ್ಲಿ ಬರುತ್ತಿಲ್ಲ’ ಎನ್ನುವವರು ಪೂರ್ತಿ ವಿಳಾಸವನ್ನು ಮೇಲಿನ ಪಟ್ಟಿಯಲ್ಲಿ ಬರೆದು ನೋಡಲಿ. ತೆರೆದುಕೊಂಡರೆ ತಾಣ ಸರಿಯಾಗಿದೆ, ಸರ್ಚ್ ಎಂಜಿನ್ ಅದನ್ನಿನ್ನೂ ತನ್ನ ಸೂಚಿಗೆ ಸೇರಿಸಿಕೊಂಡಿಲ್ಲ. ಎರಡರ ರಿಪೇರಿ ಬೇರೆ ಬೇರೆ.

ಇಲ್ಲೊಂದು ಅಡ್ಡಮಾತು. ‘ಜಾಲತಾಣ’ ಎಂಬ ಒಳ್ಳೆಯ ಪದ ವೆಬ್‌ಸೈಟ್‌ಗೆಂದು ಹುಟ್ಟಿತ್ತು. ತಲೆಬರಹದಲ್ಲಿ ಜಾಗ ಉಳಿಸಲು ‘ಸಾಮಾಜಿಕ ಜಾಲತಾಣ’ವನ್ನು ಬರೀ ‘ಜಾಲತಾಣ’ ಎಂದು ಮೊಟಕು ಮಾಡಿ ಮಾಡಿ, ಈಗ ‘ಜಾಲತಾಣದಲ್ಲಿ ವಿಡಿಯೊ ವೈರಲ್’ ಎಂದರೆ ಯಾರಿಗೂ ವೆಬ್‌ಸೈಟ್ ನೆನಪಾಗುವುದಿಲ್ಲ. ಈ ಪತ್ರದಲ್ಲಿ ಜಾಲತಾಣ ಎಂದರೆ ವೆಬ್‌ಸೈಟೇ.

ಈಗ ಮುಖ್ಯ ವಿಷಯ. ‘ಒಂದು ವೆಬ್‌ಸೈಟ್ ತಗೊಂಡೆ’ ಎನ್ನುವವರು ನಿಜಕ್ಕೂ ತೆಗೆದುಕೊಂಡಿರುವುದು ನಾಲ್ಕು ಬೇರೆ ಬೇರೆ ವಸ್ತು: ಡೊಮೇನ್ ಹೆಸರು, ಆ ಹೆಸರನ್ನು ಯಂತ್ರಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಗಳು, ಕಡತಗಳನ್ನು ಇಡುವ ಹೋಸ್ಟಿಂಗ್, ಮತ್ತು ಆ ಕಡತಗಳು. ನಾಲ್ಕೂ ಒಂದೇ ಕಡೆ ಸಿಗಬಹುದು, ನಾಲ್ಕು ಕಡೆಯೂ ಇರಬಹುದು. ಡೊಮೇನ್ ಎಂದರೆ ಮನೆ ವಿಳಾಸ, ಹೋಸ್ಟಿಂಗ್ ಎಂದರೆ ನಿವೇಶನ ಎಂದು ಎಲ್ಲೆಲ್ಲೂ ಹೇಳಿಕೊಡುತ್ತಾರೆ. ಆ ಹೋಲಿಕೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ, ಏಕೆಂದರೆ ಮನೆ ಬದಲಿಸಿದರೆ ವಿಳಾಸವೂ ಬದಲಾಗುತ್ತದೆ. ಇದಕ್ಕಿಂತ ಫೋನಿನ ಹೋಲಿಕೆ ವಾಸಿ. ಡೊಮೇನ್ ಎಂದರೆ ನಿಮ್ಮ ಮೊಬೈಲ್ ನಂಬರ್, ಹೋಸ್ಟಿಂಗ್ ಎಂದರೆ ಹ್ಯಾಂಡ್‌ಸೆಟ್. ಹ್ಯಾಂಡ್‌ಸೆಟ್ ಎಷ್ಟು ಸಲ ಬದಲಿಸಿದರೂ ನಂಬರ್ ಅದೇ. ರೀಚಾರ್ಜ್ ಮಾಡದೆ ಬಹಳ ದಿನ ಬಿಟ್ಟರೆ ಮಾತ್ರ ನಂಬರ್ ಬೇರೆಯವರ ಪಾಲು.

ಅಂದರೆ ಡೊಮೇನನ್ನು ಯಾರೂ ‘ಕೊಳ್ಳುವುದಿಲ್ಲ’, ಅವಧಿಗೆ ನೋಂದಾಯಿಸಿಕೊಳ್ಳುತ್ತಾರೆ. ಡಾಟ್ ಕಾಮ್‌ನಂಥವನ್ನು ಒಮ್ಮೆಗೆ ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ. ನೋಂದಾಯಿಸಿಕೊಡುವ ಸಂಸ್ಥೆ ರಿಜಿಸ್ಟ್ರಾರ್, ಹೆಸರಿನ ಹಕ್ಕುದಾರ ರಿಜಿಸ್ಟ್ರಂಟ್. ಉಚ್ಚಾರ ಹತ್ತಿರ ಹತ್ತಿರ, ಅರ್ಥ ಅಜಗಜಾಂತರ. ರಿಜಿಸ್ಟ್ರಂಟ್ ಜಾಗದಲ್ಲಿ ನಿಮ್ಮ ಅಥವಾ ನಿಮ್ಮ ಸಂಸ್ಥೆಯ ಹೆಸರಿರಬೇಕು. ತಾಣ ಮಾಡಿಕೊಟ್ಟವರು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರೆ ದಾಖಲೆಯ ಪ್ರಕಾರ ಹೆಸರು ಅವರದು. ಜಗಳವಾದ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನೋಂದಣಿಯಾದ ಕೂಡಲೇ ಇಮೇಲ್ ಖಚಿತಪಡಿಸಲು ಒಂದು ಪತ್ರ ಬರುತ್ತದೆ. ಡಾಟ್ ಕಾಮ್‌ನಂಥ ಸಾಮಾನ್ಯ ವರ್ಗದ ಹೆಸರುಗಳಲ್ಲಿ 15 ದಿನದೊಳಗೆ ಅದರಲ್ಲಿರುವ ಕೊಂಡಿಯನ್ನು ಒತ್ತದಿದ್ದರೆ ಹೆಸರನ್ನು ಅಮಾನತಿನಲ್ಲಿಡುವುದುಂಟು. ಹದಿನಾಲ್ಕು ದಿನ ಚೆನ್ನಾಗಿದ್ದ ಹೊಚ್ಚ ಹೊಸ ತಾಣ ಏಕಾಏಕಿ ಮಾಯವಾದರೆ ಮೊದಲು ಇದನ್ನೇ ನೋಡಿ.

ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ, ಮತ್ತೆ ಒಂದು ವಾರದ ಮುಂಚೆ ರಿಜಿಸ್ಟ್ರಾರ್ ನೆನಪೋಲೆ ಕಳಿಸಲೇಬೇಕು. ಅದು ಹೋಗುವುದು ದಾಖಲೆಯಲ್ಲಿರುವ ಇಮೇಲ್‌ಗೆ. ಆ ಇಮೇಲ್ ಕೆಲಸ ಬಿಟ್ಟುಹೋದ ಸಿಬ್ಬಂದಿಯದಾಗಿದ್ದರೆ ಕತೆ ಮುಗಿಯಿತು. ಇನ್ನೂ ಸೂಕ್ಷ್ಮವಾದ ತಪ್ಪೊಂದಿದೆ: ಆ ಡೊಮೇನ್‌ನದೇ ಇಮೇಲನ್ನು ಡೊಮೇನ್ ಖಾತೆಗೆ ಕೊಡುವುದು. ಹೆಸರಿನ ಅವಧಿ ಮುಗಿದ ದಿನ ಆ ಇಮೇಲೂ ಸಾಯುತ್ತದೆ, ಪಾಸ್‌ವರ್ಡ್ ಮರುಹೊಂದಿಸುವ ಪತ್ರವೂ ಅಲ್ಲಿಗೇ ಹೋಗುತ್ತದೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಬೇರೆ ಸೇವೆಯ ಇಮೇಲ್ ಕೊಡಿ.

ಅವಧಿ ಮುಗಿದ ಮರುದಿನವೇ ಹೆಸರು ಹರಾಜಾಗುವುದಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್ ತರಹದವುಗಳಲ್ಲಿ ರಿಜಿಸ್ಟ್ರಾರ್‌ಗೆ ಅನುಗುಣವಾಗಿ ಗರಿಷ್ಠ 45 ದಿನದವರೆಗೆ ಸಾಮಾನ್ಯ ಶುಲ್ಕದಲ್ಲೇ ನವೀಕರಿಸಲು ಅವಕಾಶ ಇರಬಹುದು. ಅಳಿಸಲು ಹಾಕಿದ ಮೇಲೆ 30 ದಿನ ‘ರಿಡೆಂಪ್ಷನ್’ ಅವಧಿ. ಆಗಲೂ ಬಿಡಿಸಿಕೊಳ್ಳಬಹುದು, ದಂಡ ಮಾತ್ರ ಜೋರು. ಆಮೇಲಿನ 5 ದಿನ ಯಾರೂ ಏನೂ ಮಾಡುವಂತಿಲ್ಲ. ಅದು ಕಳೆದರೆ ಮೊದಲು ಬಂದವರಿಗೆ ಹೆಸರು. ಡಾಟ್ ಇನ್‌ನಂಥ ದೇಶಗಳ ಸಂಕೇತದ ಹೆಸರುಗಳಿಗೆ ನಿಯಮ ಬೇರೆ. 45 ದಿನ ಇದೆಯಲ್ಲ ಎಂದು ಕಾಯುವುದು ಬುದ್ಧಿವಂತಿಕೆಯಲ್ಲ, ಅಷ್ಟು ದಿನ ಕೊಡಲೇಬೇಕೆಂದು ರಿಜಿಸ್ಟ್ರಾರ್‌ಗೆ ಕಡ್ಡಾಯವಿಲ್ಲ.

ಇನ್ನು ಡಿಎನ್‌ಎಸ್. ಯಂತ್ರಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸ ಎಂಬ ಸಂಖ್ಯೆಯಿಂದ. ಹೆಸರು ನಮ್ಮ ಅನುಕೂಲಕ್ಕೆ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ಏರ್ಪಾಡೇ ಡಿಎನ್‌ಎಸ್. ನೀವು ಎಕ್ಸಾಂಪಲ್.ಕಾಮ್ ಎಂದು ಬರೆದು ಎಂಟರ್ ಒತ್ತಿದಿರಿ ಎಂದಿಟ್ಟುಕೊಳ್ಳಿ. (ಇಂಥ ವಿವರಣೆಗಳಿಗೆಂದೇ ಮೀಸಲಿಟ್ಟಿರುವ ಹೆಸರದು, ಯಾರ ವ್ಯಾಪಾರಕ್ಕೂ ಸೇರಿದ್ದಲ್ಲ.) ಬ್ರೌಸರ್ ಮೊದಲು ತನ್ನ ನೆನಪಿನಲ್ಲಿ, ಬಳಿಕ ಕಂಪ್ಯೂಟರಿನ ನೆನಪಿನಲ್ಲಿ ನೋಡುತ್ತದೆ. ಇಲ್ಲದಿದ್ದರೆ ನಿಮ್ಮ ಇಂಟರ್ನೆಟ್ ಸಂಪರ್ಕದವರ ‘ರಿಸಾಲ್ವರ್’ ಅನ್ನು ಕೇಳುತ್ತದೆ. ಅದಕ್ಕೂ ಗೊತ್ತಿಲ್ಲದಿದ್ದರೆ ಅದು 13 ಮೂಲ ಸರ್ವರ್ ಹೆಸರುಗಳಲ್ಲಿ ಒಂದರ ಬಳಿ ಹೋಗಿ ‘ಕಾಮ್ ಯಾರ ಸುಪರ್ದಿ?’ ಎನ್ನುತ್ತದೆ, ಕಾಮ್‌ನವರ ಬಳಿ ‘ಎಕ್ಸಾಂಪಲ್ ಯಾರ ಸುಪರ್ದಿ?’ ಎನ್ನುತ್ತದೆ, ಕೊನೆಗೆ ಆ ಹೆಸರಿನ ದಾಖಲೆಗಳನ್ನು ಇಟ್ಟುಕೊಂಡಿರುವ ನೇಮ್‌ಸರ್ವರ್ ಐಪಿ ಸಂಖ್ಯೆಯನ್ನು ಕೊಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಆಗುತ್ತದೆ. ಸಿಕ್ಕ ಉತ್ತರವನ್ನು ರಿಸಾಲ್ವರ್ ಒಂದಿಷ್ಟು ಹೊತ್ತು ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎನ್ನುವುದೇ ಟಿಟಿಎಲ್, ಲೆಕ್ಕ ಸೆಕೆಂಡಿನಲ್ಲಿ. 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ.

ಹೋಸ್ಟಿಂಗ್ ಬದಲಿಸಿದಾಗ ‘48 ಗಂಟೆ ಕಾಯಿರಿ, ಡಿಎನ್‌ಎಸ್ ಹರಡಬೇಕು’ ಎನ್ನುತ್ತಾರಲ್ಲ, ಏನೂ ಹರಡುವುದಿಲ್ಲ. ಊರೆಲ್ಲ ಇಟ್ಟುಕೊಂಡಿರುವ ಹಳೆಯ ಉತ್ತರಗಳ ಅವಧಿ ಮುಗಿಯಬೇಕು, ಅಷ್ಟೇ. ಆ 48 ಕೂಡ ಗಾಳಿಯಲ್ಲಿ ಬಂದದ್ದಲ್ಲ. ಡಾಟ್ ಕಾಮ್ ವಲಯದಲ್ಲಿ ನೇಮ್‌ಸರ್ವರ್ ದಾಖಲೆಯ ಟಿಟಿಎಲ್ 172800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ನೇಮ್‌ಸರ್ವರ್ ಮುಟ್ಟದೆ ಬರೀ ‘ಎ’ ದಾಖಲೆ (ಹೆಸರಿಗೆ ಐಪಿ ಸಂಖ್ಯೆ ಕೊಡುವ ದಾಖಲೆ) ಬದಲಿಸುವುದಾದರೆ ಅಷ್ಟು ಕಾಯಬೇಕಿಲ್ಲ. ಬದಲಾವಣೆಗೆ ಒಂದೆರಡು ದಿನ ಮುಂಚೆ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಹಳೆಯ ಟಿಟಿಎಲ್‌ನಷ್ಟು ಹೊತ್ತು ಕಳೆಯಲು ಬಿಟ್ಟು, ಆಮೇಲೆ ಹೊಸ ಸಂಖ್ಯೆ ಹಾಕಿ. ಐದು ನಿಮಿಷದಲ್ಲಿ ಬಹುತೇಕರು ಹೊಸ ಯಂತ್ರಕ್ಕೆ ಬರುತ್ತಾರೆ. ಬದಲಾವಣೆ ಮಾಡುವ ಹೊತ್ತಿಗೇ ಟಿಟಿಎಲ್ ಇಳಿಸಿದರೆ ಪ್ರಯೋಜನವಿಲ್ಲ, ಹಳೆಯ ಉತ್ತರ ಹಳೆಯ ಅವಧಿಯನ್ನೇ ಹೊತ್ತು ಆಗಲೇ ಹೊರಟುಹೋಗಿರುತ್ತದೆ. ಹಳೆಯ ಹೋಸ್ಟಿಂಗನ್ನು ಮಾತ್ರ ಒಂದು ವಾರ ನಿಲ್ಲಿಸಬೇಡಿ.

ಡಿಎನ್‌ಎಸ್‌ನಲ್ಲಿ ಹತ್ತಾರು ಬಗೆಯ ದಾಖಲೆಗಳಿದ್ದರೂ ಹೊಸಬರು ನಾಲ್ಕು ತಿಳಿದರೆ ಸಾಕು. ‘ಎ’ ದಾಖಲೆ ಹೆಸರಿಗೆ ಐಪಿ ಸಂಖ್ಯೆ ಕೊಡುತ್ತದೆ. ‘ಸಿನೇಮ್’ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುತ್ತದೆ. ‘ಎಂಎಕ್ಸ್’ ಇಮೇಲ್ ಎಲ್ಲಿಗೆ ಹೋಗಬೇಕು ಎನ್ನುತ್ತದೆ. ‘ಟಿಎಕ್ಸ್‌ಟಿ’ಯಲ್ಲಿ ಹೆಸರು ನಿಮ್ಮದೇ ಎಂಬ ಪುರಾವೆ, ನಿಮ್ಮ ಪರವಾಗಿ ಇಮೇಲ್ ಕಳಿಸಲು ಯಾರಿಗೆ ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ. ನಾವು ಮತ್ತೆ ಮತ್ತೆ ಕಾಣುವ ಅನಾಹುತ ಇಲ್ಲೇ ಆಗುವುದು. ಹೊಸ ಹೋಸ್ಟಿಂಗ್‌ನವರು ‘ನೇಮ್‌ಸರ್ವರ್ ಬದಲಿಸಿ’ ಎನ್ನುತ್ತಾರೆ, ಇವರು ಬದಲಿಸುತ್ತಾರೆ, ತಾಣ ಚೆನ್ನಾಗಿ ತೆರೆಯುತ್ತದೆ, ಎಲ್ಲರಿಗೂ ಖುಷಿ. ಮೂರು ದಿನ ಬಿಟ್ಟು ‘ಯಾಕೋ ಇಮೇಲೇ ಬರುತ್ತಿಲ್ಲ’ ಎಂದು ಗೊತ್ತಾಗುತ್ತದೆ. ನೇಮ್‌ಸರ್ವರ್ ಬದಲಿಸುವುದೆಂದರೆ ದಾಖಲೆಗಳ ಇಡೀ ಪುಸ್ತಕವನ್ನೇ ಬದಲಿಸುವುದು. ಹಳೆಯ ಪುಸ್ತಕದಲ್ಲಿದ್ದ ಎಂಎಕ್ಸ್ ಹೊಸದರಲ್ಲಿ ಇಲ್ಲ. ಬದಲಿಸುವ ಮುಂಚೆ ಹಳೆಯ ದಾಖಲೆಗಳ ಪುಟವನ್ನು ಪೂರ್ತಿ ಸ್ಕ್ರೀನ್‌ಶಾಟ್ ತೆಗೆದು, ಒಂದೊಂದನ್ನೂ ಹೊಸ ಕಡೆ ನಮೂದಿಸಿ, ಆಮೇಲೆ ನೇಮ್‌ಸರ್ವರ್ ಮುಟ್ಟಿ. ಹಾಗೆಯೇ, ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಡಿಎನ್‌ಎಸ್ ಲೆಕ್ಕದಲ್ಲಿ ಎರಡು. ಒಂದಕ್ಕೆ ಮಾತ್ರ ದಾಖಲೆ ಇದ್ದರೆ ‘ನನಗೆ ತೆರೆಯುತ್ತೆ, ನಿಮಗೆ ತೆರೆಯಲ್ಲ’ ಎಂಬ ವಾದ ಶುರುವಾಗುತ್ತದೆ. ಇಬ್ಬರೂ ನಿಜ ಹೇಳುತ್ತಿರುತ್ತಾರೆ.

ವಿಳಾಸ ಓದುವ ಬಗೆಯನ್ನು ಶಾಲೆಗಳಲ್ಲೇ ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಡೊಮೇನ್ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ಬ್ಯಾಂಕ್.ಕಾಮ್.ಎಕ್ಸಾಂಪಲ್.ನೆಟ್/ಲಾಗಿನ್ ಎಂಬ ವಿಳಾಸದಲ್ಲಿ ಕಣ್ಣು ಮೊದಲು ‘ಬ್ಯಾಂಕ್.ಕಾಮ್’ ಮೇಲೆ ಬೀಳುತ್ತದೆ. ಮೋಸಗಾರರು ಬಯಸುವುದೂ ಅದನ್ನೇ. ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಿ, ಅದರ ಎಡಕ್ಕೆ ಅಂಟಿಕೊಂಡಿರುವ ಎರಡು ತುಂಡು ಹಿಡಿಯಿರಿ: ಎಕ್ಸಾಂಪಲ್ ಮತ್ತು ನೆಟ್. ಈ ಪುಟದ ಯಜಮಾನ ಎಕ್ಸಾಂಪಲ್.ನೆಟ್. ಅದಕ್ಕಿಂತ ಎಡಕ್ಕಿರುವುದೆಲ್ಲ ಆ ಯಜಮಾನ ತನಗೆ ಬೇಕಾದಂತೆ ಇಟ್ಟುಕೊಂಡ ಉಪಹೆಸರು. ಡಾಟ್ ಕೋ ಡಾಟ್ ಇನ್‌ನಂತೆ ಬಾಲವೇ ಎರಡು ತುಂಡಾಗಿದ್ದರೆ ಮೂರು ತುಂಡು ಲೆಕ್ಕ ಹಾಕಿ.

ಎಚ್‌ಟಿಟಿಪಿಎಸ್‌ನ ಕೊನೆಯ ಎಸ್ ಇದ್ದರೆ ತಾಣ ಪ್ರಾಮಾಣಿಕ ಎಂಬ ನಂಬಿಕೆಯನ್ನೂ ಬಿಡಬೇಕು. ನಿಮ್ಮ ಮತ್ತು ಆ ತಾಣದ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ಕಡೆ ಕೂತವನು ಕಳ್ಳನೇ ಆಗಿದ್ದರೆ ಮಾತು ಗುಟ್ಟಾಗಿ ಕಳ್ಳನಿಗೇ ತಲುಪುತ್ತದೆ. ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದದ್ದು ಈ ತಪ್ಪು ತಿಳಿವಳಿಕೆಯಿಂದಲೇ. ಈ ಗುಟ್ಟಿನ ಮಾತಿಗಾಗಿ ತಾಣ ಇಟ್ಟುಕೊಳ್ಳುವ ಪ್ರಮಾಣಪತ್ರವನ್ನು ಎಲ್ಲರೂ ‘ಎಸ್‌ಎಸ್‌ಎಲ್ ಸರ್ಟಿಫಿಕೇಟ್’ ಎನ್ನುತ್ತಾರೆ, ಈಗ ಬಳಕೆಯಲ್ಲಿರುವುದು ಅದರ ಮುಂದಿನ ರೂಪವಾದ ಟಿಎಲ್‌ಎಸ್. ಹಳೆಯ ಹೆಸರು ಬಾಯಿಗೆ ಅಂಟಿಕೊಂಡಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತ ಬಂದಿರುವ ಪ್ರಮಾಣಪತ್ರದ ಆಯುಸ್ಸು 90 ದಿನ. ಕೈಯಿಂದ ನವೀಕರಿಸುತ್ತೇನೆ ಎಂದುಕೊಂಡವರು ಒಂದಲ್ಲ ಒಂದು ಸಲ ಮರೆಯುತ್ತಾರೆ, ತಾನಾಗಿ ನವೀಕರಣವಾಗುವ ವ್ಯವಸ್ಥೆ ಇದೆಯೇ ಎಂದು ಹೋಸ್ಟಿಂಗ್‌ನವರನ್ನು ಕೇಳಿ. ಎಲ್ಲ ತಾಣಗಳಲ್ಲೂ ಪ್ರಮಾಣಪತ್ರದ ಎಚ್ಚರಿಕೆ ಬಂದರೆ ಹೆಚ್ಚಾಗಿ ನಿಮ್ಮ ಫೋನಿನ ತಾರೀಕು ತಪ್ಪಾಗಿರುತ್ತದೆ.

ಕಡತಗಳಿಗೆ ಬರೋಣ. ಪುಟದಲ್ಲಿ ಏನಿದೆ ಎಂದು ಹೇಳುವುದು ಎಚ್‌ಟಿಎಂಎಲ್, ಅದು ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್, ಒತ್ತಿದಾಗ ಏನಾಗಬೇಕು ಎಂದು ಹೇಳುವುದು ಜಾವಾಸ್ಕ್ರಿಪ್ಟ್. ಜಾವಾ ಬೇರೆ ಭಾಷೆ, ಹೆಸರಿನ ಸಾಮ್ಯ ನೋಡಿ ತಪ್ಪು ಪುಸ್ತಕ ತಂದುಕೊಳ್ಳಬೇಡಿ. ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ‘ಪಬ್ಲಿಕ್ ಎಚ್‌ಟಿಎಂಎಲ್’ ಹೆಸರಿನ ಫೋಲ್ಡರ್ ಇರುತ್ತದೆ, ಜಗತ್ತಿಗೆ ಕಾಣುವುದು ಅದರೊಳಗಿನದು ಮಾತ್ರ. ಬರೀ ಡೊಮೇನ್ ಬರೆದಾಗ ಸರ್ವರ್ ಹುಡುಕುವ ಕಡತ ‘ಇಂಡೆಕ್ಸ್.ಎಚ್‌ಟಿಎಂಎಲ್’. ಮುಖಪುಟಕ್ಕೆ ‘ಹೋಮ್’ ಎಂದು ಹೆಸರಿಟ್ಟು, ಅದನ್ನು ಹೊರಗಿನ ಫೋಲ್ಡರ್‌ನಲ್ಲಿ ಹಾಕಿ, ‘ಅಪ್‌ಲೋಡ್ ಆದರೂ ಕಾಣುತ್ತಿಲ್ಲ’ ಎನ್ನುವುದು ಕಲಿಯುವವರ ಮೊದಲ ದಿನದ ದೂರು.

ಎರಡನೆಯ ದಿನದ ದೂರು: ‘ನನ್ನ ಕಂಪ್ಯೂಟರಿನಲ್ಲಿ ಚಿತ್ರ ಬರುತ್ತೆ, ಹಾಕಿದ ಮೇಲೆ ಬರಲ್ಲ’. ಕಾರಣ ಎರಡೇ. ವಿಂಡೋಸ್‌ಗೆ ಕಡತದ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ, ಹೋಸ್ಟಿಂಗ್‌ನಲ್ಲಿ ಹೆಚ್ಚಾಗಿ ಇರುವ ಲಿನಕ್ಸ್‌ಗೆ ಬೇರೆ ಬೇರೆ. ಕ್ಯಾಮೆರಾ ಕೊಟ್ಟ ಹೆಸರಿನ ಬಾಲದಲ್ಲಿ ‘ಜೆಪಿಜಿ’ ದೊಡ್ಡ ಅಕ್ಷರದಲ್ಲಿದ್ದು, ನೀವು ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ 404. ಇಲ್ಲವೇ ಚಿತ್ರದ ದಾರಿಯನ್ನು ನಿಮ್ಮ ಸಿ ಡ್ರೈವ್‌ನಿಂದ ಶುರುಮಾಡಿ ಬರೆದಿದ್ದೀರಿ, ಓದುಗರ ಯಂತ್ರದಲ್ಲಿ ಆ ದಾರಿ ಎಲ್ಲಿಂದ ಬರಬೇಕು? ಎಲ್ಲ ಹೆಸರುಗಳನ್ನೂ ಸಣ್ಣ ಅಕ್ಷರದಲ್ಲಿ, ನಡುವೆ ಖಾಲಿ ಜಾಗ ಬಿಡದೆ ಇಡಿ. ಕಡತ ಕಳಿಸಲು ಎಫ್‌ಟಿಪಿ ಬೇಡ, ಅದು ಪಾಸ್‌ವರ್ಡನ್ನು ತೆರೆದ ಕಾಗದದಂತೆ ಸಾಗಿಸುತ್ತದೆ. 22ನೇ ಪೋರ್ಟ್‌ನಲ್ಲಿ (ಯಂತ್ರದ ಬಾಗಿಲಿನ ಸಂಖ್ಯೆ ಎನ್ನಿ) ನಡೆಯುವ ಎಸ್‌ಎಫ್‌ಟಿಪಿ ಬಳಸಿ.

ಚಿತ್ರದ ತೂಕವೂ ಒಂದು ಕಾಯಿಲೆ. ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರ ಸುಮಾರು 4000 ಪಿಕ್ಸೆಲ್ ಅಗಲ, 3–4 ಮೆಗಾಬೈಟ್ ಇರುತ್ತದೆ. ಪುಟದಲ್ಲಿ ಅದಕ್ಕೆ ಕೊಟ್ಟ ಜಾಗ ಅಬ್ಬಬ್ಬಾ ಎಂದರೆ 1200 ಪಿಕ್ಸೆಲ್. ಅಂಥ 4 ಮೆಗಾಬೈಟಿನ ಹತ್ತು ಚಿತ್ರ ಹಾಕಿದರೆ 40 ಮೆಗಾಬೈಟ್. ಓದುಗರ ಸಂಪರ್ಕ ಸೆಕೆಂಡಿಗೆ 8 ಮೆಗಾಬಿಟ್ ಇದ್ದರೆ ಎಷ್ಟು ಹೊತ್ತು? 5 ಸೆಕೆಂಡ್ ಎನ್ನುವವರೇ ಹೆಚ್ಚು. ಬಿಟ್ ಬೇರೆ, ಬೈಟ್ ಬೇರೆ, 8 ಬಿಟ್ ಸೇರಿ 1 ಬೈಟ್. ಹಾಗಾಗಿ ಬೇಕಾಗುವುದು 40 ಸೆಕೆಂಡ್. ಇಂಟರ್ನೆಟ್ ಸೇವೆಯವರು ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಕಡತದ ಗಾತ್ರ ಬೈಟ್‌ನಲ್ಲಿರುತ್ತದೆ. ‘100 ಅಂದಿದ್ದರು, 12 ಬರುತ್ತಿದೆ’ ಎಂದು ಸಿಟ್ಟಾಗುವವರು ಎಂಟರಿಂದ ಗುಣಿಸಿ ನೋಡಲಿ. ಚಿತ್ರವನ್ನು 1200 ಪಿಕ್ಸೆಲ್‌ಗೆ ಇಳಿಸಿ ಉಳಿಸಿದರೆ ಸಾಮಾನ್ಯವಾಗಿ 200 ಕಿಲೋಬೈಟ್ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕನ್ನಡ ಪುಟ ಮಾಡುವವರಿಗೆ ಇನ್ನೊಂದು ತಲೆನೋವಿದೆ, ಅದರಲ್ಲೂ ಒಂದೇ ಪದದಿಂದ ಮೂರು ರೋಗ ಕರೆಯುತ್ತೇವೆ: ‘ಫಾಂಟ್ ಪ್ರಾಬ್ಲಂ’. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಮಾತ್ರ ಅದು ಫಾಂಟ್ ಇಲ್ಲದಿರುವುದು. ಇಂಗ್ಲಿಷ್ ‘ಎ’ ಅಕ್ಷರದ ತಲೆ ಮೇಲೆ ಓರೆಗೀಟು ಇರುವ ಚಿಹ್ನೆ ಸಾಲುಸಾಲಾಗಿ ಕಂಡರೆ ಫಾಂಟಿನ ತಪ್ಪಲ್ಲ, ಯುಟಿಎಫ್–8ರಲ್ಲಿ ಬರೆದದ್ದನ್ನು ಬ್ರೌಸರ್ ಬೇರೆ ಸಂಕೇತ ಪದ್ಧತಿಯಲ್ಲಿ ಓದುತ್ತಿದೆ. ಯುಟಿಎಫ್–8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ, ಯಂತ್ರಕ್ಕೆ ಐದು ಸಂಕೇತ: ಕ, ನ, ವಿರಾಮ (ಒತ್ತಕ್ಷರ ಮಾಡುವ ಗುರುತು), ನ, ಡ. ಒಟ್ಟು 15 ಬೈಟ್. ಕನ್ನಡದ ಎಲ್ಲ ಸಂಕೇತಗಳಿಗೂ ಮೊದಲ ಬೈಟ್ ಒಂದೇ ಆಗಿರುವುದರಿಂದ ತಪ್ಪು ಓದಿದಾಗ ಅದೇ ಚಿಹ್ನೆ ಮೂರು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. ಪುಟದ ತಲೆಯಲ್ಲಿ ‘ಮೆಟಾ ಚಾರ್‌ಸೆಟ್’ ಸಾಲಿನಲ್ಲಿ ಯುಟಿಎಫ್–8 ಎಂದು ಬರೆದು, ಕಡತವನ್ನೂ ಅದೇ ರೂಪದಲ್ಲಿ ಉಳಿಸಿದರೆ ಗುಣವಾಗುತ್ತದೆ. ಮೂರನೆಯದು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಇದು ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ. ಅಲ್ಲಿ ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿರುತ್ತದೆ, ಫಾಂಟ್ ಕಳಚಿದರೆ ವೇಷವೂ ಕಳಚುತ್ತದೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿದ ಮೇಲೆಯೇ ತಾಣಕ್ಕೆ ಹಾಕಬೇಕು. ಇಲ್ಲದಿದ್ದರೆ ಸರ್ಚ್ ಎಂಜಿನ್‌ಗೂ ಅದು ಕನ್ನಡವಲ್ಲ. ಪರಿವರ್ತನೆಯ ಬಳಿಕ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಎಡವುವುದು ಅಲ್ಲೇ.

ವರ್ಡ್‌ಪ್ರೆಸ್‌ನಂಥ ಸಿಎಂಎಸ್ (ಕೋಡ್ ಬರೆಯದೆ ತಾಣ ನಡೆಸಲು ನೆರವಾಗುವ ತಂತ್ರಾಂಶ) ಬಳಸುವವರು ತಿಳಿಯಬೇಕಾದ್ದು ಒಂದು: ಅಲ್ಲಿ ನಿಮ್ಮ ಬರಹ ಇರುವುದು ಕಡತಗಳಲ್ಲಲ್ಲ, ಡೇಟಾಬೇಸಿನಲ್ಲಿ. ಚಿತ್ರ, ಥೀಮ್, ಪ್ಲಗಿನ್‌ಗಳು ಕಡತಗಳಲ್ಲಿ. ಫೋಲ್ಡರನ್ನು ನಕಲು ಮಾಡಿ ‘ಬ್ಯಾಕಪ್ ಆಯಿತು’ ಎಂದುಕೊಂಡವರ ಬಳಿ ಹತ್ತು ವರ್ಷದ ಚಿತ್ರಗಳಿರುತ್ತವೆ, ಒಂದು ಸಾಲೂ ಬರಹ ಇರುವುದಿಲ್ಲ. ಎರಡನ್ನೂ ತೆಗೆಯಿರಿ, ಅದೇ ಹೋಸ್ಟಿಂಗ್‌ನಲ್ಲಿ ಇಡಬೇಡಿ, ಒಮ್ಮೆಯಾದರೂ ಬೇರೆ ಜಾಗದಲ್ಲಿ ಮರಳಿ ಹಾಕಿ ತೆರೆಯುತ್ತದೆಯೇ ನೋಡಿ. ತಾಣದಲ್ಲಿ ತಿದ್ದಿದ್ದು ನಿಮಗೇ ಕಾಣದಿದ್ದರೆ ಅದು ಕ್ಯಾಷ್, ಅಂದರೆ ಬ್ರೌಸರ್ ಇಟ್ಟುಕೊಂಡ ಹಳೆಯ ನಕಲು. ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ. ಅದಕ್ಕಾಗಿ ಕುಕಿಗಳನ್ನು ಅಳಿಸಬೇಕಿಲ್ಲ, ಕುಕಿ ನಿಮ್ಮ ಲಾಗಿನ್ ಗುರುತಿನ ಚೀಟಿ. ಅಳಿಸಿದರೆ ಎಲ್ಲ ಕಡೆ ಮತ್ತೆ ಪಾಸ್‌ವರ್ಡ್ ಕೊಡುವ ಕೆಲಸ ಬೀಳುತ್ತದೆ.

ನಿಮ್ಮ ವರದಿಗಾರರಲ್ಲಿ ನಮ್ಮ ಕೋರಿಕೆ ಸಣ್ಣದು. ಮುಂದಿನ ಸಲ ಯಾವುದಾದರೂ ತಾಣ ತೆರೆಯದಿದ್ದಾಗ ಪರದೆಯ ಮೇಲೆ ಕಂಡ ಸಂಖ್ಯೆಯನ್ನೋ ಸಾಲನ್ನೋ ಹಾಗೆಯೇ ಬರೆದುಕೊಂಡು ಸುದ್ದಿಯಲ್ಲಿ ಸೇರಿಸಿ. ‘503 ಬರುತ್ತಿದೆ’ ಎಂದು ಅಚ್ಚಾದರೆ ಓದುಗರಿಗೆ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು ಎಂದು ತಿಳಿಯುತ್ತದೆ. ‘ಡೊಮೇನ್ ಅವಧಿ ಮುಗಿದಿದೆ’ ಎಂದು ಅಚ್ಚಾದರೆ ಯಾರನ್ನು ಪ್ರಶ್ನಿಸಬೇಕು ಎಂದು ತಿಳಿಯುತ್ತದೆ.

ಇಂತಿ,
ಜಾಲತಾಣ ನಿರ್ವಹಣೆಯಲ್ಲಿರುವ ಕೆಲವು ಓದುಗರು